ಸುಮಿತ್ರವ್ವ ಹಾಲಿಗೆ ಕೈಯಿಟ್ಟದ್ದು

ಮಗುವಿನ ಹುಟ್ಟುಹಬ್ಬಕ್ಕೆ ಮೊಟ್ಟೆ ಹಾಕದ ಕೇಕು ಬೇಕೆಂದರೆ ಹೂಸ್ಟನ್ನಿನ ನಮ್ಮ ಜನ ಮೊದಲು ಫೋನ್ ಮಾಡುವುದು ಸ್ಟಾಫರ್ಡ್‌ನ ಶಿವಪುತ್ರಪ್ಪನವರ ಬೇಕರಿಗೆ. ಅಂಗಡಿಯ ಗಾಜಿನ ಮೇಲೆ ಅವರು ‘ನೂರಕ್ಕೆ ನೂರು ಎಗ್‌ಲೆಸ್’ ಎಂದು ಹಸಿರು ಬಣ್ಣದಲ್ಲಿ ಬರೆಸಿದ್ದಾರೆ. ಅನುಮಾನದ ಗಿರಾಕಿಗಳಿಗಾಗಿ ಅದರ ಕೆಳಗೆ ‘ಪಾತ್ರೆಗಳೂ’ ಎಂದು ಸೇರಿಸಿದ್ದಾರೆ. ದಿನಾ ಬೆಳಗ್ಗೆ ಮನೆಯ ಗ್ಯಾರೇಜಿನಿಂದ ಎರಡು ಕಾರು ಹೊರಡುತ್ತವೆ. ಒಂದರಲ್ಲಿ ಶಿವಪುತ್ರಪ್ಪನವರು ಮೊಟ್ಟೆಯಿಲ್ಲದ ಕೇಕು ಮಾಡಲು ಹೋಗುತ್ತಾರೆ. ಇನ್ನೊಂದರಲ್ಲಿ ಅವರ ಹೆಂಡತಿ ಸುಮಿತ್ರವ್ವ ಮೊಟ್ಟೆಯಿಲ್ಲದೆ ಒಂದು ಕೆಲಸವೂ ಸಾಗದ ಲ್ಯಾಬಿಗೆ ಹೋಗುತ್ತಾರೆ. ಇಪ್ಪತ್ತು ವರ್ಷ ಹೀಗೇ ನಡೆಯಿತು. ಮೊದಲನೆಯ ಕಾರಿನ ವಿಷಯ ಊರಿಗೆಲ್ಲ ಗೊತ್ತಿತ್ತು, ಎರಡನೆಯದರ ವಿಷಯ ಯಾರೂ ಕೇಳಿರಲಿಲ್ಲ.

ಸುಮಿತ್ರವ್ವ ಬಾಗಲಕೋಟೆಯವರು. ಅವರ ತವರಿನಲ್ಲಿ ಮೊಟ್ಟೆ ತಿನ್ನುವುದಿರಲಿ, ‘ತತ್ತಿ’ ಎಂಬ ಮಾತನ್ನು ಊಟದ ಹೊತ್ತಿನಲ್ಲಿ ಆಡಿದರೆ ಅಜ್ಜಿ ಎದ್ದು ಬಾಯಿ ಮುಕ್ಕಳಿಸಿ ಬರುತ್ತಿದ್ದಳಂತೆ. ಧಾರವಾಡದಲ್ಲಿ ಮೈಕ್ರೋಬಯಾಲಜಿ ಓದಿ, ಮದುವೆಯಾಗಿ ಟೆಕ್ಸಸ್ಸಿಗೆ ಬಂದ ಮೇಲೆ ಕೆಲವು ವರ್ಷ ಮನೆಯಲ್ಲೇ ಇದ್ದರು. ಮಗಳು ನಿಧಿ ಶಾಲೆಗೆ ಹೋಗತೊಡಗಿದಾಗ ಕೆಲಸ ಹುಡುಕಿದರು. ಹಕ್ಕಿಜ್ವರದ ವೈರಸ್ಸುಗಳನ್ನು ಅಭ್ಯಾಸ ಮಾಡುವ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್ ಬೇಕಾಗಿತ್ತು. ಸಂದರ್ಶನದಲ್ಲಿ ಹಕ್ಕಿಯ ಮಾತು ಬಂತು, ಜ್ವರದ ಮಾತು ಬಂತು, ಮೊಟ್ಟೆಯ ಮಾತು ಮಾತ್ರ ಬರಲಿಲ್ಲ. ಅಡಿಗೆಯವಳನ್ನು ಗೊತ್ತುಮಾಡುವಾಗ ಒಲೆ ಇದೆ ಎಂದು ಯಾರು ಹೇಳುತ್ತಾರೆ?

ಮೊದಲ ದಿನ ಲ್ಯಾಬಿನ ಮುಖ್ಯಸ್ಥೆ ಅವರನ್ನು ಒಂದು ಕತ್ತಲ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ತಟ್ಟೆ ತಟ್ಟೆ ಮೊಟ್ಟೆಗಳಿದ್ದವು, ಎಲ್ಲವೂ ಕಾವು ಕೂತವು. ಒಂದನ್ನು ಎತ್ತಿ ಸಣ್ಣ ದೀಪದ ಮುಂದೆ ಹಿಡಿದಾಗ ಚಿಪ್ಪಿನೊಳಗೆ ಕೆಂಪು ನರಗಳ ಜಾಲವೂ ಅದರ ನಡುವೆ ಮಿಸುಕುವ ಒಂದು ಕಪ್ಪು ಚುಕ್ಕೆಯೂ ಕಂಡವು. ಆ ಚುಕ್ಕೆ ಮರಿಯ ಕಣ್ಣು. ಚಿಪ್ಪಿಗೆ ಸೂಜಿಯಷ್ಟೇ ತೂತು ಮಾಡಿ ಒಳಗಿನ ನೀರಿಗೆ ಬಾತುಕೋಳಿಯಿಂದ ತಂದ ಮಾದರಿಯ ಹನಿ ಬಿಡಬೇಕು. ಅದರಲ್ಲಿ ವೈರಸ್ಸಿದ್ದರೆ ಮೊಟ್ಟೆಯಲ್ಲಿ ಬೆಳೆಯುತ್ತದೆ. ಆಮೇಲೆ ಮೊಟ್ಟೆಯನ್ನು ತಣ್ಣಗೆ ಮಾಡಿ, ಅಂದರೆ ಮರಿಯ ಕತೆ ಮುಗಿಸಿ, ಆ ನೀರನ್ನು ಹೀರಿ ತೆಗೆಯಬೇಕು.

ಸುಮಿತ್ರವ್ವ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತು, ತಮ್ಮ ಮನೆಯಲ್ಲಿ ಇದನ್ನು ಮುಟ್ಟುವುದಿಲ್ಲ, ಬೇರೆ ಕೆಲಸವೇನಾದರೂ ಇದೆಯೇ ಎಂದು ಕೇಳಿದರು. ಮುಖ್ಯಸ್ಥೆ ಒಳ್ಳೆಯವಳು. ಖಂಡಿತ ಇದೆ, ಪಕ್ಕದ ಕೋಣೆಯಲ್ಲಿ ಇಲಿಗಳ ಕೆಲಸವಿದೆ ಎಂದಳು. ಸುಮಿತ್ರವ್ವ ಒಂದು ಕ್ಷಣ ಯೋಚಿಸಿ ಮೊಟ್ಟೆಯೇ ಆಗಲಿ ಎಂದರು.

ಅಂದಿನಿಂದ ಪ್ರತಿ ತಟ್ಟೆ ಎತ್ತುವ ಮುಂಚೆ ಬಾಯೊಳಗೇ ‘ತಪ್ಪಾತವ್ವಾ’ ಎನ್ನುವುದು ರೂಢಿಯಾಯಿತು. ಆ ಮಾತಿನ ಅರ್ಥವೇನೆಂದು ಲ್ಯಾಬಿನವರು ಕೇಳಿದ್ದರು. ಸುಮಿತ್ರವ್ವ ‘ಗುಡ್ ಮಾರ್ನಿಂಗ್’ ಇದ್ದ ಹಾಗೆ ಎಂದು ಹೇಳಿ ಬಿಟ್ಟಿದ್ದರಿಂದ, ಅಲ್ಲಿಗೆ ಬಂದ ಮೆಕ್ಸಿಕನ್ ಹುಡುಗಿಯರೂ ಚೀನಾದ ಹುಡುಗರೂ ಬೆಳಗ್ಗೆ ಒಬ್ಬರಿಗೊಬ್ಬರು ‘ತಪ್ಪಾತವ್ವಾ’ ಎನ್ನತೊಡಗಿದರು.

ಶಿವಪುತ್ರಪ್ಪನವರಿಗೆ ಸುಮಿತ್ರವ್ವ ಮೊದಲ ದಿನವೇ ಎಲ್ಲವನ್ನೂ ಹೇಳಿದ್ದರು. ಅವರು “ಆತು. ಮನಿಗೆ ಬಂದ ಕೂಡಲೆ ಸ್ನಾನ ಮಾಡಿ ಒಲಿ ಮುಂದ ಬಾ” ಎಂದರು.

“ಲ್ಯಾಬಿನವರೂ ಅದನ್ನs ಹೇಳ್ಯಾರ್ರಿ” ಎಂದರು ಸುಮಿತ್ರವ್ವ.

ನಿಜವೇ. ಒಳಗೆ ಹೋಗುವಾಗ ಬಟ್ಟೆ ಬದಲಿಸುವುದು, ಹೊರಗೆ ಬರುವಾಗ ಕೈಕಾಲು ಉಜ್ಜಿ ತೊಳೆಯುವುದು, ಒಂದು ಕೋಣೆಯ ಚಪ್ಪಲಿ ಇನ್ನೊಂದಕ್ಕೆ ತರದಿರುವುದು, ಒಳಗಿದ್ದವರನ್ನು ಹೊರಗಿನವರು ಮುಟ್ಟದಿರುವುದು. ತಮ್ಮ ಅಜ್ಜಿ ಬದುಕಿದ್ದರೆ, ಮುಖ್ಯಸ್ಥೆಯ ಜಾತಿ ಕೇಳುವವರೆಗಾದರೂ ಈ ಲ್ಯಾಬಿನ ಮಡಿಯನ್ನು ಕಂಡು ಕೈಮುಗಿಯುತ್ತಿದ್ದಳು ಎಂದು ಸುಮಿತ್ರವ್ವ ಹೇಳುತ್ತಿದ್ದರು.

ಕೆಲಸ ಹಿಡಿಸಿದ್ದು ಮೊಟ್ಟೆಯಿಂದಲ್ಲ, ಆಮೇಲೆ ಕಂಪ್ಯೂಟರಿನ ಮೇಲೆ ಬರುತ್ತಿದ್ದ ವಂಶವೃಕ್ಷದಿಂದ. ಚಳಿಗಾಲಕ್ಕೆ ಕೆನಡಾದ ಕಡೆಯಿಂದ ಬಾತುಕೋಳಿಗಳು ಗಲ್ಫ್ ಕರಾವಳಿಯ ಜೌಗಿಗೆ ಇಳಿಯುತ್ತವೆ. ಅವುಗಳ ಹೊಟ್ಟೆಯಲ್ಲಿ ತರಹೇವಾರಿ ಜ್ವರದ ವೈರಸ್ಸುಗಳು ಇಳಿಯುತ್ತವೆ. ಬಾತಿಗೆ ಬಹುಮಟ್ಟಿಗೆ ಅದರಿಂದ ತೊಂದರೆಯಿಲ್ಲ. ಅದು ಈಜುತ್ತದೆ, ಹಿಕ್ಕೆ ಹಾಕುತ್ತದೆ, ಪಕ್ಕದ ಬಾತಿಗೆ ದಾಟಿಸುತ್ತದೆ. ಸುಮಿತ್ರವ್ವ ಮೊಟ್ಟೆಯಿಂದ ತೆಗೆದ ನೀರಿನಿಂದ ವೈರಸ್ಸಿನ ಜೀನುಗಳನ್ನು ಬಿಡಿಸಿ ಓದಿಸಿದರೆ, ಯಾವುದು ಯಾವುದರ ಸಂಬಂಧಿ ಎಂಬುದು ಕೊಂಬೆ ಕೊಂಬೆಯಾಗಿ ತೆರೆಯ ಮೇಲೆ ಮೂಡುತ್ತಿತ್ತು. ಒಂದೇ ಕೊಳದ ಬಾತುಗಳಲ್ಲಿ ಒಂದರ ವೈರಸ್ಸು ಇನ್ನೊಂದಕ್ಕೆ ದೂರದ ನೆಂಟನೂ ಅಲ್ಲದಿರುವುದು, ಅಲಾಸ್ಕಾದ ಒಂದು ವೈರಸ್ಸು ಇಲ್ಲಿಯದಕ್ಕೆ ಖಾಸಾ ತಮ್ಮನಾಗಿರುವುದು, ಇದೆಲ್ಲ ಅವರಿಗೆ ಮದುವೆಮನೆಯ ಮಾತಿನಷ್ಟು ರುಚಿಸಿತು.

ಡಾಲಸ್ಸಿನ ಪಕ್ಕದ ರಿಚರ್ಡ್‌ಸನ್ನಿನಲ್ಲಿ ಓದುತ್ತಿದ್ದ ನಿಧಿ ರಜೆಗೆ ಬಂದಾಗ ಒಮ್ಮೆ ಕೇಳಿದ್ದಳು, ಪ್ರತಿ ವರ್ಷ ಅದೇ ಬಾತುಗಳು, ಅದೇ ವೈರಸ್ಸು, ನಿನಗೆ ಬೇಸರವಾಗುವುದಿಲ್ಲವೇ ಎಂದು. ಅವಳು ಇಂಗ್ಲಿಷಿನಲ್ಲಿ ಕೇಳುತ್ತಾಳೆ, ತಾಯಿ ಕನ್ನಡದಲ್ಲಿ ಹೇಳುತ್ತಾರೆ.

“ಅದs ವೈರಸ್ಸು ಯಾವಾಗಿರ್ತೈತಿ? ನೋಡು, ಇದರ ಜೀನು ಎಂಟು ತುಂಡಾಗಿ ಇರ್ತಾವ. ಎಂಟು ಡಬ್ಬಿ ಬುತ್ತಿ ಅನ್ಕೊ. ಎರಡು ಮನಿಯವರು ರೈಲಿನ್ಯಾಗ ಎದುರಾಬದುರು ಕುಂತು ಬುತ್ತಿ ಬಿಚ್ಚಿದ್ರು. ಉಂಡಾದ ಮ್ಯಾಲೆ ಗಡಿಬಿಡ್ಯಾಗ ಡಬ್ಬಿ ತುಂಬ್ಕೊಂಡು ಇಳದ್ರು. ಇವರ ಚೀಲದಾಗ ಅವರ ಮೂರು ಡಬ್ಬಿ, ಅವರ ಚೀಲದಾಗ ಇವರವು. ಎರಡು ವೈರಸ್ಸು ಒಂದs ಬಾತಿನ ಮೈಯಾಗ ಕೂಡಿದ್ರ ಹಂಗs ಆಗೂದು. ಹೊರಗ ಬರೂದು ಮೂರನೆಯದು.”

“ಮತ್ತೆ ಆ ಡಬ್ಬಿ ವಾಪಸ್ ಕೊಡಲ್ವಾ?” ಎಂದು ನಿಧಿ ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು.

“ನಮ್ಮ ಬಳಗದಾಗ ಯಾರು ಕೊಟ್ಟಾರ, ವೈರಸ್ಸು ಕೊಡಾಕ?”

ಬಳಗ ಎಂದರೆ ಉತ್ತರ ಕರ್ನಾಟಕದ ಕಡೆಯ ನಮ್ಮ ಮನೆಗಳ ಕೂಟ. ಹಬ್ಬಹುಣ್ಣಿಮೆಗೆ ಸ್ಟಾಫರ್ಡ್‌ನಲ್ಲಿ ಒಂದು ಹಾಲ್ ಹಿಡಿದು ಪೂಜೆ, ಊಟ ಮಾಡುತ್ತೇವೆ; ಆಸ್ಟಿನ್ನಿನಿಂದಲೂ ಕೆಲವರು ಡ್ರೈವ್ ಮಾಡಿಕೊಂಡು ಬರುತ್ತಾರೆ. ಅಡಿಗೆಯ ಮುಖ್ಯಸ್ಥಿಕೆ ಮೊದಲಿನಿಂದಲೂ ಸುಮಿತ್ರವ್ವನದು. ಅವರಷ್ಟು ಶುದ್ಧವಾಗಿ ಅಡಿಗೆ ಮಾಡುವವರು ಇಡೀ ಟೆಕ್ಸಸ್ಸಿನಲ್ಲಿ ಇಲ್ಲವೆಂದು ಪ್ರತಿ ವರ್ಷ ವೇದಿಕೆಯ ಮೇಲೆ ಹೇಳಿ ಶಾಲು ಹೊದಿಸುತ್ತಿದ್ದೆವು. ಎಲ್ಲಿ ಕೆಲಸ ಎಂದು ಕೇಳಿದವರಿಗೆ ಅವರು ‘ಫ್ಲೂ ಲ್ಯಾಬ್‌ನ್ಯಾಗ’ ಎನ್ನುತ್ತಿದ್ದರು. ಫ್ಲೂ ಎಂದ ಕೂಡಲೆ ಕೇಳಿದವರು ತಮ್ಮ ಮನೆಯ ಕೆಮ್ಮಿನ ವಿಷಯ ತೆಗೆಯುತ್ತಿದ್ದರು, ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಬಳಗದ ಅಧ್ಯಕ್ಷರು ಚಿದಾನಂದ್. ದ ವುಡ್‌ಲ್ಯಾಂಡ್ಸ್‌ನಲ್ಲಿ ಒಂದು ತೈಲ ಕಂಪನಿಯ ದೊಡ್ಡ ಹುದ್ದೆಯಲ್ಲಿದ್ದಾರೆ. ವಾರವಿಡೀ ನೆಲದೊಳಗಿಂದ ಎಣ್ಣೆ ತೆಗೆಸಿ, ಶನಿವಾರ ನಿಸರ್ಗದ ಕಡೆಗೆ ತಿರುಗುತ್ತಾರೆ. ಆಸ್ಟಿನ್ ಕಡೆಯ ಹಾದಿಯಲ್ಲಿ ಒಬ್ಬ ರೈತನ ಡೇರಿ ಹುಡುಕಿ, ಅಲ್ಲಿಂದ ಕಾಯಿಸದ ಹಸಿ ಹಾಲು ತರುವುದು ಅವರ ಹೆಮ್ಮೆ. “ಅಂಗಡಿ ಹಾಲು ಸತ್ತ ಹಾಲ್ರಿ. ಇದು ಜೀವಂತ ಹಾಲು” ಎನ್ನುತ್ತಿದ್ದರು. ಕೋಳಿಫಾರಂಗಳಲ್ಲಿ ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಮೈಕ್ ಹಿಡಿದು, “ನಾವು ಕೋಳಿ ತಿನ್ನೂದಿಲ್ಲ, ತತ್ತಿ ಮುಟ್ಟೂದಿಲ್ಲ. ಈ ಜಡ್ಡು ನಮ್ಮ ಮನಿ ಹಾದಿ ಹಿಡಿಯೂದs ಇಲ್ಲ. ಹಿರ್ಯಾರು ಸುಮ್ಮನ ಹೇಳಿಲ್ಲ” ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ಚಪ್ಪಾಳೆ ತಟ್ಟಿದವರಲ್ಲಿ ಮೂರನೆಯ ಸಾಲಿನ ಹುಡುಗರು ಆ ಮಧ್ಯಾಹ್ನವೇ ಬಾರ್ಬೆಕ್ಯೂ ತಿಂದು ಬಂದಿರುತ್ತಿದ್ದರು.

ಎರಡು ಸಾವಿರದ ಇಪ್ಪತ್ತನಾಲ್ಕರ ವಸಂತದಲ್ಲಿ ಆ ಜಡ್ಡು ನಮ್ಮ ಮನೆಯ ಹಾದಿಯನ್ನೇ ಹಿಡಿಯಿತು.

ಅದಕ್ಕೆ ಎರಡು ಮೂರು ವರ್ಷ ಮೊದಲು ಯೂರೋಪಿನ ಕಡೆಯಿಂದ ಒಂದು ವೈರಸ್ಸು ಸಮುದ್ರ ದಾಟುವ ಹಕ್ಕಿಗಳ ಜೊತೆ ಅಮೆರಿಕಕ್ಕೆ ಬಂದಿತ್ತು. ಇಲ್ಲಿನ ಬಾತುಗಳಲ್ಲಿ ಮೊದಲೇ ಇದ್ದ ವೈರಸ್ಸುಗಳ ಜೊತೆ ಬೆರೆತು, ತನ್ನ ಕೆಲವು ಡಬ್ಬಿ ಬಿಟ್ಟು ಇಲ್ಲಿಯ ಕೆಲವು ಹಿಡಿದು, ನೋಡನೋಡುತ್ತ ಹತ್ತಾರು ಬಗೆಯಾಯಿತು. ಸುಮಿತ್ರವ್ವನ ಲ್ಯಾಬಿನಲ್ಲಿ ವಂಶವೃಕ್ಷ ಗೋಡೆಯಿಂದ ಗೋಡೆಗೆ ಬೆಳೆಯಿತು. “ನಮಗ ಗ್ರೀನ್ ಕಾರ್ಡ್ ಬರಾಕ ಎಷ್ಟು ವರ್ಷ ಹಿಡೀತು, ಇದು ಒಂದು ಚಳಿಗಾಲದಾಗ ಇಲ್ಲಿಯದs ಆತು ನೋಡ್ರಿ” ಎಂದು ಅವರು ಗಂಡನ ಮುಂದೆ ನಕ್ಕಿದ್ದರು. ಆ ಹತ್ತಾರರಲ್ಲಿ ಒಂದು ಬಗೆ, ಯಾರೂ ಎಣಿಸದ ಒಂದು ಪ್ರಾಣಿಗೆ ದಾಟಿತು. ಟೆಕ್ಸಸ್ಸಿನ ಉತ್ತರ ತುದಿಯ ಡೇರಿಗಳಲ್ಲಿ ಹಸುಗಳು ಮೇವು ಬಿಟ್ಟವು, ಹಾಲು ದಪ್ಪವಾಗಿ ಹಳದಿಗಟ್ಟಿತು, ಆ ಹಾಲು ನೆಕ್ಕಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ವೈರಸ್ಸು ಕೆಚ್ಚಲಿನಲ್ಲಿ ಮನೆ ಮಾಡಿತ್ತು. ಹಸುಗಳಿಂದ ತೆಗೆದ ವೈರಸ್ಸುಗಳೆಲ್ಲ ವಂಶವೃಕ್ಷದಲ್ಲಿ ಒಂದೇ ಕೊಂಬೆಗೆ ಗೊಂಚಲಾಗಿ ಜೋತುಬಿದ್ದಿದ್ದವು. ಅಂದರೆ ಹಕ್ಕಿಯಿಂದ ಒಮ್ಮೆ ದಾಟಿದ್ದು, ಆಮೇಲೆ ಹಸುವಿನಿಂದ ಹಸುವಿಗೆ ಹರಡಿತ್ತು.

ಸುಮಿತ್ರವ್ವ ಆ ಗೊಂಚಲನ್ನು ಬಹಳ ಹೊತ್ತು ನೋಡುತ್ತ ನಿಂತರು. ಕೋಳಿ, ಬಾತು, ಹಂದಿ ಎಂದಿದ್ದರೆ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಆಕಳು! ಮನೆಗೆ ಬಂದು ಗಂಡನಿಗೆ ಹೇಳಿದರು. ಶಿವಪುತ್ರಪ್ಪನವರು ಕೆನೆ ಕಲಸುತ್ತಿದ್ದ ಕೈ ನಿಲ್ಲಿಸಿದರು.

“ಅಂಗಡಿ ಹಾಲಿನ್ಯಾಗ?”

“ಅದು ಕಾಯಿಸಿದ್ದು, ಅದಕ್ಕೇನಿಲ್ಲ. ಕಾಯಿಸಿದ್ರ ಸಾಯ್ತೈತಿ. ಹಸಿ ಹಾಲು ಕುಡಿಯವರದs ಚಿಂತಿ.”

ಸರ್ಕಾರದ ಆರೋಗ್ಯ ಇಲಾಖೆ ಹಸಿ ಹಾಲು ಕುಡಿಯಬೇಡಿ ಎಂದು ಹೊರಡಿಸಿದ ಪ್ರಕಟಣೆಯನ್ನು ಸುಮಿತ್ರವ್ವ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದರು. ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಸ್ವಲ್ಪ ಹೊತ್ತಿಗೆ ಚಿದಾನಂದ್, ಹಸಿ ಹಾಲಿನಲ್ಲಿರುವ ಅಮೃತಸಮಾನ ಗುಣಗಳ ಬಗ್ಗೆ ಒಂದು ವಿಡಿಯೊ ಹಾಕಿದರು. ಅದಕ್ಕೂ ಅದೇ ಕೈಗಳು ಮುಗಿದವು.

ಆ ವರ್ಷದ ಶ್ರಾವಣದಲ್ಲಿ ರುದ್ರಾಭಿಷೇಕ ಇಟ್ಟುಕೊಂಡಿದ್ದೆವು. ಶ್ರಾವಣ ಸೋಮವಾರವನ್ನು ನಾವು ಭಾನುವಾರ ಆಚರಿಸುತ್ತೇವೆ; ದೇವರಿಗೆ ಅದು ಗೊತ್ತಿದೆ. ಲಿಂಗಕ್ಕೆ ಎರೆದ ಹಾಲು ಎಲ್ಲರಿಗೂ ತೀರ್ಥ. ಈ ಸಲ ಚಿದಾನಂದ್ ಒಂದು ದೊಡ್ಡ ಕ್ಯಾನಿನ ತುಂಬ ಡೇರಿಯ ಹಸಿ ಹಾಲು ತಂದಿದ್ದರು. ಸುಮಿತ್ರವ್ವ ಬೆಳಗಿನ ಜಾವದಿಂದ ಹಾಲ್‌ನ ಅಡಿಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದರು. ಕ್ಯಾನು ಒಳಗೆ ಬಂದದ್ದನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದರು.

“ಚಿದಾನಂದ ಅವರs, ಆ ಹಾಲು ಕೊಡ್ರಿ, ಒಂದು ಕುದಿ ಕುದಿಸಿ ಕೊಡ್ತೀನಿ.”

“ಅಕ್ಕಾರ, ಕಾಯಿಸಿದ ಹಾಲು ಅಭಿಷೇಕಕ್ಕ ನಡೆಯೂದಿಲ್ರಿ. ನೀವs ಹಿರ್ಯಾರು, ನಿಮಗ ಗೊತ್ತಿಲ್ಲೇನು?”

“ದೇವರಿಗೆ ಹಾಕ್ರಿ, ಮಂದಿಗೆ ತೀರ್ಥ ಕೊಡಬ್ಯಾಡ್ರಿ. ಸಣ್ಣ ಹುಡುಗರು ಅದಾವ. ಈ ಜಡ್ಡಿನ ಹಾಲು ಕುಡದು ಬೆಕ್ಕು ಸತ್ತಾವ್ರಿ.”

“ಬೆಕ್ಕು ಕದ್ದು ಕುಡಿತೈತಿ, ಅದಕ್ಕ ಸಾಯ್ತೈತಿ” ಎಂದರು ಚಿದಾನಂದ್. ಸುತ್ತ ಇದ್ದವರು ನಕ್ಕರು. “ಟಿವಿಯವರು ಏನರ ಹೇಳ್ತಾರ. ಅಷ್ಟಕ್ಕೂ ಇದು ನಿಮಗ ಹೆಂಗ ಗೊತ್ತು?”

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಯಾರೋ ಫ್ಲೂ ಎಂಬ ಮಾತಿನ ಆಚೆಗೆ ಕೇಳಿದ್ದರು. ಸುಮಿತ್ರವ್ವ ಹೇಳಿದರು. ಹಕ್ಕಿಜ್ವರದ ಲ್ಯಾಬು, ಬಾತಿನ ಮಾದರಿ, ಕಾವು ಕೂತ ಮೊಟ್ಟೆ, ಸೂಜಿ, ಹೀರಿ ತೆಗೆದ ನೀರು, ಎಂಟು ತುಂಡು ಜೀನು, ಒಂದೇ ಕೊಂಬೆಯ ಗೊಂಚಲು. ಅವರ ಹಿಂದೆ ಗೋಡೆಯ ಮೇಲೆ ‘ದುಡಿಮೆಯೇ ದೇವರು’ ಎಂದು ಬರೆದ ಬಳಗದ ಬ್ಯಾನರ್ ತೂಗುತ್ತಿತ್ತು.

ಅಷ್ಟೆಲ್ಲ ಹೇಳಿದರೂ ನಾವು ಕೇಳಿಸಿಕೊಂಡದ್ದು ಒಂದೇ ಮಾತು.

“ಅಂದ್ರ… ತತ್ತಿ ಮುಟ್ಟತೀರಿ?” ಎಂದು ಮುಂದಿನ ಸಾಲಿನ ಒಬ್ಬ ಹಿರಿಯ ಹೆಂಗಸು ಕೇಳಿದಳು.

“ದಿನಾ ಮುಟ್ಟತೀನ್ರಿ.”

“ಬರೇ ಮುಟ್ಟತೀರೋ…”

“ಒಡೀತೀನ್ರಿ. ಒಳಗ ಮರಿ ಇರ್ತೈತಿ.”

ಹಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರು. ಇಷ್ಟು ವರ್ಷ ಇವರ ಕೈಯ ಹೋಳಿಗೆ, ಇವರ ಕೈಯ ಪ್ರಸಾದ. ಒಬ್ಬರು ಶಿವಪುತ್ರಪ್ಪನವರ ಕಡೆ ತಿರುಗಿ, ಬೇಕರಿಯ ಕೇಕಿಗೂ ಇವರು ಕೈ ಹಾಕುತ್ತಾರೋ ಎಂದು ಕೇಳಿದರು. ಶಿವಪುತ್ರಪ್ಪನವರು ಅಂಗಡಿಯ ಗಾಜಿನ ಮೇಲಿನ ಬರಹವನ್ನು ನೆನೆಸಿಕೊಂಡರೋ ಏನೋ, ಊಟದ ತಟ್ಟೆಗಳನ್ನು ಎಣಿಸತೊಡಗಿದರು. ವೈರಸ್ಸು, ಹಾಲು, ಬೆಕ್ಕು ಎಲ್ಲ ಮರೆತೇಹೋಯಿತು. ಇದರ ನಡುವೆ ಅಯ್ಯನವರು ಮಂತ್ರ ಶುರುಮಾಡಿದರು, ಮಕ್ಕಳು ಕಾಗದದ ಲೋಟ ಹಿಡಿದು ಸಾಲು ನಿಂತರು, ಚಿದಾನಂದ್ ಕ್ಯಾನಿನ ಮುಚ್ಚಳ ತೆಗೆದರು.

ಆಗ ಸುಮಿತ್ರವ್ವ ಮುಂದೆ ಹೋಗಿ, ಬಳೆ ಮೇಲೇರಿಸಿ, ಬಲಗೈಯನ್ನು ಮಣಿಕಟ್ಟಿನ ತನಕ ಹಾಲಿನೊಳಗೆ ಅದ್ದಿದರು.

“ಮುಟ್ಟಿದೆ ನೋಡ್ರಿ” ಎಂದರು. “ಇನ್ನ ನಡೀತೈತೇನು?”

ಆ ಕೈ ಆ ಹಾಲ್‌ನಲ್ಲಿದ್ದ ಎಲ್ಲ ಕೈಗಳಿಗಿಂತ ಚೊಕ್ಕವಾಗಿತ್ತು. ಆದರೆ ಬೆಕ್ಕು ಸತ್ತ ಸುದ್ದಿಗೆ ಜಗ್ಗದ ನಾವು ಆ ಕೈಗೆ ಬೆಚ್ಚಿಬಿದ್ದೆವು. ತಾಯಂದಿರು ಮಕ್ಕಳ ಲೋಟ ಕಿತ್ತುಕೊಂಡರು. ಅಯ್ಯನವರು ಮಂತ್ರವನ್ನು ನಡುವೆಯೇ ಬಿಟ್ಟು, ಬೇರೆ ಹಾಲು ತರುವವರೆಗೆ ತಾವು ಕೂತಿರುತ್ತೇವೆ ಎಂದರು. ಯಾರೋ ಕ್ಯಾನನ್ನು ಹಿತ್ತಲಿಗೆ ಸುರಿಯಲು ಎತ್ತಿದರು.

“ಹುಲ್ಲಿಗೆ ಸುರಿಬ್ಯಾಡ್ರಿ, ಹಕ್ಕಿಪಕ್ಕಿ ಕುಡಿತಾವ. ನಾ ಒಯ್ತೀನಿ” ಎಂದು ಸುಮಿತ್ರವ್ವ ಕ್ಯಾನಿನ ಮುಚ್ಚಳ ಬಿಗಿದು ತಮ್ಮ ಕಾರಿನಲ್ಲಿ ಇಟ್ಟುಕೊಂಡರು.

ಚಿದಾನಂದ್ ಸಿಟ್ಟಿನಿಂದ ಎದುರಿನ ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಡಬ್ಬಿಯ ಹಾಲು ತಂದರು. ಅದು ಕಾರ್ಖಾನೆಯಲ್ಲಿ ಕಾದ ಹಾಲು. ಕಾಯಿಸಿದ ಹಾಲು ಅಭಿಷೇಕಕ್ಕೆ ನಡೆಯುವುದಿಲ್ಲ ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ. ತೀರ್ಥ ಬಹಳ ಚೆನ್ನಾಗಿತ್ತು.

ಊಟದ ಹೊತ್ತಿಗೆ ಇನ್ನೊಂದು ಇಕ್ಕಟ್ಟು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ ಎಲ್ಲ ಸುಮಿತ್ರವ್ವನ ಕೈಯದೇ. ಹೋಳಿಗೆಯ ತುಪ್ಪದ ವಾಸನೆ ಹಾಲ್ ತುಂಬಿತ್ತು. ಆಸ್ಟಿನ್ನಿನಿಂದ ಬಂದವರು ಬೆಳಗ್ಗೆಯಿಂದ ಉಪವಾಸವಿದ್ದರು. ಕೊನೆಗೆ ಅವರಲ್ಲೇ ಒಬ್ಬರು, ಅಡಿಗೆ ಆದದ್ದು ಈ ವಿಷಯ ಗೊತ್ತಾಗುವ ಮುಂಚೆ, ಹಾಗಾಗಿ ಅದಕ್ಕೆ ಮೈಲಿಗೆ ತಗಲುವುದಿಲ್ಲ ಎಂದು ತೀರ್ಪು ಕೊಟ್ಟರು. ಇಷ್ಟು ಸೊಗಸಾದ ಧರ್ಮಸೂಕ್ಷ್ಮವನ್ನು ನಾವು ಯಾವ ಮಠದಲ್ಲೂ ಕೇಳಿರಲಿಲ್ಲ. ಎಲ್ಲರೂ ಉಂಡೆವು, ಒಂದು ಹೋಳಿಗೆಯೂ ಉಳಿಯಲಿಲ್ಲ. ಮುಂದಿನ ವಾರ ಸಮಿತಿ ಸೇರಿ, ಸುಮಿತ್ರವ್ವನವರು ಬಹಳ ದುಡಿದಿದ್ದಾರೆ, ಅವರಿಗೆ ಅಡಿಗೆಮನೆಯಿಂದ ವಿಶ್ರಾಂತಿ ಕೊಡಬೇಕು ಎಂದು ಒಮ್ಮತದಿಂದ ತೀರ್ಮಾನಿಸಿತು.

ಸುಮಿತ್ರವ್ವ ಸೋಮವಾರ ಆ ಹಾಲಿನಿಂದ ಒಂದು ಸಣ್ಣ ಸೀಸೆಯಷ್ಟನ್ನು ಲ್ಯಾಬಿಗೆ ಒಯ್ದು, ಮುಖ್ಯಸ್ಥೆಯ ಒಪ್ಪಿಗೆ ಪಡೆದು ಪರೀಕ್ಷೆ ಮಾಡಿಸಿದರು. ವೈರಸ್ಸು ಇರಲಿಲ್ಲ. ಆ ಡೇರಿಯ ಹಸುಗಳು ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದವು.

ರಜೆಗೆ ಬಂದಿದ್ದ ನಿಧಿ, ಇದನ್ನು ಯಾರಿಗೂ ಹೇಳಬೇಡ ಎಂದಳು. ಸುಮಿತ್ರವ್ವ ಅಂದೇ ಗುಂಪಿಗೆ ಬರೆದರು: ಹಾಲಿನಲ್ಲಿ ಏನೂ ಸಿಕ್ಕಿಲ್ಲ, ಆದರೂ ಕಾಯಿಸಿಯೇ ಕುಡಿಯಿರಿ. ಮೊದಲ ಅರ್ಧವನ್ನು ಎಲ್ಲರೂ ಓದಿದರು. ಚಿದಾನಂದ್ ಕೈಮುಗಿದ ಚಿತ್ರದ ಜೊತೆ ‘ಸತ್ಯಕ್ಕೆ ಜಯ’ ಎಂದು ಹಾಕಿದರು.

“ಯಾಕ ಹೇಳಿದಿ?” ಎಂದು ಶಿವಪುತ್ರಪ್ಪನವರೂ ಕೇಳಿದರು.

“ಇಲ್ಲ ಅಂತ ಗೊತ್ತಾತು, ಇಲ್ಲ ಅಂತ ಹೇಳಿದೆ. ಇದ್ದಿದ್ರ ಐತಿ ಅಂತಿದ್ದೆ.” ಹಿಂದೆಯೇ, “ನನಗ ಭಾಳ ಹಗುರಾತು ನೋಡ್ರಿ. ಇದ್ದು, ನಾ ಸುಮ್ಮನ ಹೋಳಗಿ ಮಾಡ್ಕೋತ ನಿಂತಿದ್ರ?” ಎಂದರು. ಅಂದು ರಾತ್ರಿ ಅವರು ಊಟ ಮಾಡಲಿಲ್ಲ ಎಂದು ನಿಧಿ ಆಮೇಲೆ ಹೇಳಿದಳು. ತತ್ತಿಯ ಸುದ್ದಿ ಮುಟ್ಟಿ ತವರಿನ ಕಡೆಯಿಂದಲೂ ಫೋನ್ ಬಂದಿತ್ತಂತೆ. ವಾಟ್ಸಾಪಿಗೆ ಸಮುದ್ರ ಯಾವ ಲೆಕ್ಕ.

ಕೆಲವು ದಿನಗಳ ಮೇಲೆ ಚಿದಾನಂದರ ಹೆಂಡತಿ ಮಧುರಾ ಫೋನ್ ಮಾಡಿದರು. ದನಿ ತಗ್ಗಿಸಿ ಮಾತಾಡುತ್ತಿದ್ದರು.

“ಅಕ್ಕಾ, ಹಸಿ ಹಾಲು ಎಷ್ಟು ಹೊತ್ತು ಕುದಿಸಬೇಕ್ರಿ?”

“ಉಕ್ಕಿ ಬಂದ್ರ ಸಾಕವ್ವಾ. ಯಾಕ?”

“ನೀವು ಮೊದಲ ಮೆಸೇಜ್ ಹಾಕಿದ ದಿನದಿಂದ ನಾ ಕುದಿಸಾಕತ್ತೀನ್ರಿ. ಆರಿಸಿ, ಫ್ರಿಜ್‌ನ್ಯಾಗ ತಣ್ಣಗ ಮಾಡಿ, ತಿರುಗಿ ಅದs ಬಾಟ್ಲಿಗೆ ಹಾಕಿ ಇಡ್ತೀನಿ. ಇವರು ಕುಡದು, ಜೀವಂತ ಹಾಲಿನ ರುಚಿನs ಬ್ಯಾರೆ ಅಂತಾರ.”

ಆ ದಿನ ಬಹಳ ದಿನಗಳ ಮೇಲೆ ಸುಮಿತ್ರವ್ವ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಅಕ್ಟೋಬರಿನಲ್ಲಿ ಬಳಗದ ಆರೋಗ್ಯ ಶಿಬಿರ. ಪ್ರತಿ ವರ್ಷ ಅಲ್ಲಿ ಎಲ್ಲರೂ ಫ್ಲೂ ಚುಚ್ಚುಮದ್ದು ಹಾಕಿಸಿಕೊಳ್ಳುತ್ತೇವೆ. ಸುಮಿತ್ರವ್ವ ಸಾಲಿನಲ್ಲಿ ಚಿದಾನಂದರ ಹಿಂದೆಯೇ ನಿಂತಿದ್ದರು. ಮೊಟ್ಟೆ ತಿಂದರೆ ಅಲರ್ಜಿಯಾಗುತ್ತದೆಯೇ ಎಂದು ನರ್ಸು ಚಿದಾನಂದರನ್ನು ಕೇಳಿದಳು. ಅವರು ಹಿಂದೆ ನಿಂತವರಿಗೂ ಕೇಳಿಸುವಂತೆ, ತಾವು ಹುಟ್ಟಿದಾಗಿನಿಂದ ಮೊಟ್ಟೆಯ ನೆರಳನ್ನೂ ಸೋಕಿಸಿಕೊಂಡಿಲ್ಲ ಎಂದು ಹೇಳಿ ತೋಳು ಚಾಚಿದರು. ನರ್ಸು ಏಕೆ ಕೇಳಿದಳು ಎಂದರೆ, ಆ ಮದ್ದಿನ ವೈರಸ್ಸನ್ನು ಬೆಳೆಸಿದ್ದು ಕಾವು ಕೂತ ಮೊಟ್ಟೆಯಲ್ಲೇ. ಸುಮಿತ್ರವ್ವ ಚಾವಣಿ ನೋಡುತ್ತ ನಿಂತಿದ್ದರು. ಚುಚ್ಚಿಸಿಕೊಳ್ಳುವುದು ಒಳ್ಳೆಯದು, ಅದನ್ನು ಕೆಡಿಸುವುದು ಬೇಡ ಎಂದುಕೊಂಡಿರಬೇಕು.

ಚಳಿಗಾಲ ಬಂತು. ಬಾತುಗಳು ಇಳಿದವು, ಹೊಸದೊಂದು ಬಗೆಯ ವೈರಸ್ಸು ಕೋಳಿಫಾರಂಗಳನ್ನು ಹೊಕ್ಕಿತು, ಅಮೆರಿಕದ ಅಂಗಡಿಗಳಲ್ಲಿ ಮೊಟ್ಟೆಯ ಕಪಾಟುಗಳು ಬರಿದಾದವು. ಆಗ ಶಿವಪುತ್ರಪ್ಪನವರ ಬೇಕರಿಯ ಮುಂದೆ, ಜನ್ಮದಲ್ಲಿ ಎಗ್‌ಲೆಸ್ ಎಂಬ ಪದ ಕೇಳಿರದ ಟೆಕ್ಸಸ್ಸಿನ ಗೌಡರು ಕೌಬಾಯ್ ಟೋಪಿ ಹಾಕಿಕೊಂಡು ಸಾಲು ನಿಂತರು. ಇಷ್ಟು ವರ್ಷ ಮೊಟ್ಟೆಯಿಲ್ಲದ ಕೇಕು ಗಟ್ಟಿ ಎಂದು ಮೂಗು ಮುರಿದವರೂ ಬಂದರು. ಶಿವಪುತ್ರಪ್ಪನವರು ಸಂಕೋಚದಿಂದ ಹೆಂಡತಿಗೆ ಹೇಳಿದರು: “ಏ ಸುಮಿತ್ರಾ, ಇದು ನಿನ್ನ ವೈರಸ್ಸಿನ ದಯೆ.”

“ಅಷ್ಟು ಕೋಳಿ ಸತ್ತಾವ್ರಿ” ಎಂದರು ಸುಮಿತ್ರವ್ವ. ಶಿವಪುತ್ರಪ್ಪನವರು ಕೆನೆಗೆ ತಿರುಗಿದರು.

ಇತ್ತ ಬಳಗದ ಅಡಿಗೆ ಹದಗೆಟ್ಟಿತ್ತು. ದೀಪಾವಳಿಗೆ ಹೊರಗಿನಿಂದ ತರಿಸಿದ ಹೋಳಿಗೆಯನ್ನು ಮಕ್ಕಳು ಮುರಿಯಲಾರದೆ ಫ್ರಿಸ್ಬಿ ಆಡಿದರು. ಸಂಕ್ರಾಂತಿಯ ಸಿಹಿ ಮಾದಲಿಯಲ್ಲಿ ಉಪ್ಪು ಬಿದ್ದಿತ್ತು. ಶಿವರಾತ್ರಿಗೆ ಮುಂಚೆ ಚಿದಾನಂದ್ ಮತ್ತು ಮಧುರಾ ಹಣ್ಣು ಹಿಡಿದುಕೊಂಡು ಸುಮಿತ್ರವ್ವನ ಮನೆಗೆ ಬಂದರು. ಹವೆಯ ಮಾತಾಯಿತು, ಟ್ರಾಫಿಕ್ಕಿನ ಮಾತಾಯಿತು. ಆಮೇಲೆ ಚಿದಾನಂದ್ ಕೆಮ್ಮಿದರು.

“ಅಕ್ಕಾರ, ಈಗೂ ಅದs ಕೆಲಸ ಏನ್ರಿ?”

“ಅದs ಲ್ಯಾಬು, ಅದs ಕೆಲಸ. ಆದ್ರ ತತ್ತಿ ಮುಟ್ಟೂದು ಬಿಟ್ಟೀನ್ರಿ. ಈಗ ತತ್ತಿ ಸಿಗೂದs ಕಷ್ಟ. ಡಿಸೆಂಬರ್‌ದಾಗ ನಮ್ಮ ಲ್ಯಾಬಿನ್ಯಾಗ ಬ್ಯಾರೆ ಪದ್ಧತಿ ತಂದ್ರು.”

“ತತ್ತಿ ಪೂರಾ ಬಂದ್?”

“ಪೂರಾ ಬಂದ್.”

ಚಿದಾನಂದರ ಮುಖ ಅರಳಿತು. ಮಧುರಾಳ ಕಡೆ ನೋಡಿ, “ನಾ ಹೇಳಿರಲಿಲ್ಲೇನು?” ಎಂದರು. ಅವರು ಏನು ಹೇಳಿದ್ದರೋ ಮಧುರಾಗೆ ಗೊತ್ತಿದ್ದಂತೆ ಕಾಣಲಿಲ್ಲ. ಅಲ್ಲಿಯೇ ಕುಳಿತು ಶಿವರಾತ್ರಿಯ ಉಪವಾಸ ಬಿಡುವ ಊಟದ ಮಾತು ನಡೆಯಿತು. ಕಡಲೆಬೇಳೆ ಎಷ್ಟು, ಬೆಲ್ಲ ಎಲ್ಲಿಯದು ಎಂದು ಗೊತ್ತುಮಾಡಿಕೊಂಡರು.

ಅವರು ಹೋದ ಮೇಲೆ, ವಾರಾಂತ್ಯಕ್ಕೆ ಮನೆಗೆ ಬಂದು, ಒಳಗಿನ ಕೋಣೆಯಿಂದ ಎಲ್ಲ ಕೇಳಿಸಿಕೊಂಡಿದ್ದ ನಿಧಿ ಹೊರಗೆ ಬಂದು, ಮೊಟ್ಟೆಯ ಬದಲು ಈಗ ಯಾವುದರಲ್ಲಿ ವೈರಸ್ಸು ಬೆಳೆಸುತ್ತೀರಿ ಎಂದು ಕೇಳಿದಳು.

“ಜೀವಕೋಶದಾಗ. ಸೀಸೆಯೊಳಗ ಬೆಳಸಿದ್ದು.”

“ಯಾವುದರ ಜೀವಕೋಶ?”

“ನಾಯಿ ಮೂತ್ರಪಿಂಡದ್ದು.”

ನಿಧಿ ಸೋಫಾದ ಮೇಲೆ ಬಿದ್ದು ನಗತೊಡಗಿದಳು. ಹಾಗಾದರೆ ಅವರಿಗೆ ಯಾಕೆ ಹೇಳಲಿಲ್ಲ ಎಂದು ನಗುವಿನ ನಡುವೆಯೇ ಕೇಳಿದಳು.

“ಕೇಳಿದ್ರ ಹೇಳ್ತಿದ್ದೆ” ಎಂದರು ಸುಮಿತ್ರವ್ವ. “ಅವರು ಕೇಳಿದ್ದು ತತ್ತೀದು.”

ಶಿವರಾತ್ರಿಯ ಉಪವಾಸ ಬಿಡುವ ದಿನ ಅವರು ಮತ್ತೆ ಅದೇ ಹಾಲ್‌ನ ಅಡಿಗೆಮನೆಯಲ್ಲಿ ಕಣಕ ನಾದುತ್ತಿದ್ದರು. ಆ ತಿಂಗಳು ನೆವಾಡಾದ ಹಸುಗಳಲ್ಲಿ ಸಿಕ್ಕ ವೈರಸ್ಸು ಹಳೆಯ ಗೊಂಚಲಿನದಲ್ಲ, ಹಕ್ಕಿಗಳಿಂದ ಹೊಸದಾಗಿ ದಾಟಿದ ಬೇರೆ ಕೊಂಬೆಯದು ಎಂಬ ಸುದ್ದಿ ಬಂದಿತ್ತು. ಒಮ್ಮೆ ಮಾತ್ರ ಆದದ್ದು ಎಂದುಕೊಂಡದ್ದು ಎರಡನೆಯ ಸಲವೂ ಆಗಿತ್ತು. ಹೂರಣ ರುಬ್ಬುತ್ತಿದ್ದ ಒಬ್ಬಾಕೆ, ಈಗ ಹಕ್ಕಿಜ್ವರ ಮುಗಿಯಿತಲ್ಲವೇ ಎಂದು ಕೇಳಿದಳು.

“ಮುಗಿಯೂದಂದ್ರೇನವ್ವಾ? ಬಾತು ಈಗ ಉತ್ತರಕ್ಕ ಹೊಂಟಾವ. ಹಾದ್ಯಾಗ ಎಲ್ಲೆಲ್ಲಿ ಇಳೀತಾವೋ, ಯಾರ್ಯಾರ ಜೋಡಿ ಕೂಡ್ತಾವೋ, ಬರೂಮುಂದ ಏನು ತರ್ತಾವೋ” ಎಂದು ಸುಮಿತ್ರವ್ವ ಹೇಳತೊಡಗಿದರು. ಎಂಟು ಡಬ್ಬಿಯ ತನಕ ಬರುವಷ್ಟರಲ್ಲಿ ಆಕೆ ಏಲಕ್ಕಿ ಎಲ್ಲಿದೆ ಎಂದು ಹುಡುಕುತ್ತಿದ್ದಳು. ಸುಮಿತ್ರವ್ವ ಏಲಕ್ಕಿಯ ಡಬ್ಬಿ ತೋರಿಸಿ, ಹೆಂಚಿನ ಉರಿ ತಗ್ಗಿಸಿದರು.